ಡ್ರ್ಯಾಗ್ ರೇಸ್‌ಗೆ ಮುಂಚೆ ಇಂಟೇಕ್ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ತಣ್ಣಗೆ ಮಾಡಿದರೆ ಲಾಭ ಇದೆಯಾ?

ಇದೆ. ಆದರೆ ಎಲ್ಲಿ ತಣ್ಣಗೆ ಮಾಡುತ್ತೀರಿ ಅನ್ನೋದು ಮುಖ್ಯ.

ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಸಿಲಿಂಡರ್‌ಗೆ ಆಕ್ಸಿಜನ್ ಜಾಸ್ತಿ ಸಿಗುತ್ತದೆ. 40 ಡಿಗ್ರಿಯ ಗಾಳಿ 30ಕ್ಕೆ ಇಳಿದರೆ ಸಾಂದ್ರತೆ ಸುಮಾರು 3% ಏರುತ್ತದೆ. ಪವರ್ ಕೂಡ ಅಷ್ಟೇ ಏರಿತು ಅಂದುಕೊಂಡರೂ, 12 ಸೆಕೆಂಡಿನ ಕ್ವಾರ್ಟರ್ ಮೈಲ್ (ಸುಮಾರು 400 ಮೀಟರ್) ಓಟದಲ್ಲಿ ಉಳಿಯುವುದು 0.1 ಸೆಕೆಂಡ್ ಆಸುಪಾಸು. ಡ್ರ್ಯಾಗ್‌ನಲ್ಲಿ ಅಷ್ಟು ಸಾಕಲ್ವಾ!

ನಿಜವಾದ ತೊಂದರೆ ಸಾಲಿನಲ್ಲಿ ಕಾಯುವಾಗ ಶುರುವಾಗುತ್ತದೆ. ಗಾಡಿ ನಿಂತಲ್ಲೇ ನಿಂತರೆ ಬಾನೆಟ್ ಒಳಗೆಲ್ಲ ಕಾವು. ಒಂದು ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನ ಅಂಕಿ ತೋರಿಸುವ ಸಾಧನ) ಹಾಕಿ ಇಂಟೇಕ್ ಗಾಳಿಯ ಉಷ್ಣತೆ ನೋಡಿ, ಅಂಕಿ ಹತ್ತುತ್ತಲೇ ಹೋಗುತ್ತದೆ. ಅದು ಮಿತಿ ಮೀರಿದರೆ ನಾಕಿಂಗ್ (ಇಂಧನ ತಾನಾಗಿಯೇ ಸಿಡಿದು ಉರಿಯುವುದು) ತಪ್ಪಿಸಲು ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿ ತಡವಾಗಿ ಹಾರಿಸುತ್ತದೆ. ಪವರ್ ಹೆಚ್ಚು ಬೀಳುವುದು ಇಲ್ಲೇ. ಹಾಗಾಗಿ ಕಾಯುವಾಗ ಎಂಜಿನ್ ಆಫ್ ಮಾಡಿ, ಬಾನೆಟ್ ತೆರೆದಿಡಿ, ಸಾಧ್ಯವಾದರೆ ಫ್ಯಾನ್ ಇಡಿ.

ಟರ್ಬೊ ಗಾಡಿಯಾದರೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಮೇಲೆ ಐಸ್ ಚೀಲ ಇಡಿ, ಫಲ ಚೆನ್ನಾಗಿ ಕಾಣುತ್ತದೆ. ಟರ್ಬೊ ಇಲ್ಲದ ಗಾಡಿಯ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಮೇಲೆ ಐಸ್ ಇಟ್ಟರೆ ಅಷ್ಟೇನೂ ಸಿಗಲ್ಲ, ಫುಲ್ ಥ್ರಾಟಲ್‌ನಲ್ಲಿ ಗಾಳಿ ಅಲ್ಲಿ ನಿಲ್ಲುವುದೇ ಇಲ್ಲ. ಅದಕ್ಕಿಂತ, ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುವ ಕೋನ್ ಫಿಲ್ಟರ್‌ಗೆ ಅಡ್ಡ ತಗಡು ಕಟ್ಟಿ, ಹೊರಗಿನ ಗಾಳಿಗೆ ಪೈಪ್ ಕೊಡಿ.

ಎಂಜಿನ್ ಆಯಿಲ್ ಮಾತ್ರ ಬೆಚ್ಚಗೇ ಇರಲಿ. ಸ್ಟಾರ್ಟ್ ಲೈನ್‌ಗೆ ಹೋಗುವ ಮುಂಚೆ ಐಸ್ ತೆಗೆದು, ನೀರು ಪೂರ್ತಿ ಒರೆಸಿ. ಟೈರ್ ಕೆಳಗೆ ತೊಟ್ಟಿಕ್ಕಿದರೆ ನಿಮಗೂ ಅಪಾಯ, ಹಿಂದೆ ಬರುವವರಿಗೂ ಅಪಾಯ.