ಬೆಕ್ಕಿನ ಮುಂಗಾಲು ತೆಗೆಸುವ ಮುನ್ನ

ಚಿಕ್ಕಬಳ್ಳಾಪುರದ ಒಳಬೀದಿಗಳಲ್ಲಿ ಬೈಕಿಗೆ ಸಿಕ್ಕಿಯೋ ಮಹಡಿಯಿಂದ ಬಿದ್ದೋ ಮುಂಗಾಲು ಎಳೆದುಕೊಂಡು ಮನೆ ಸೇರುವ ಬೆಕ್ಕುಗಳಿವೆ. ‘ಕಾಲು ತೆಗೆಯಬೇಕಾಗಬಹುದು’ ಎಂದು ವೈದ್ಯರು ಹೇಳಿದ ಕೂಡಲೇ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಮೂಕಪ್ರಾಣಿಯ ಅಂಗ ಊನ ಮಾಡುವುದೇ ಎಂದು ಹಿರಿಯರು ಮರುಗುತ್ತಾರೆ. ನನ್ನ ದೃಷ್ಟಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ಕಾಲಿನಿಂದ ಬೆಕ್ಕಿಗೆ ಈಗ ಉಪಕಾರವೋ, ಉಪದ್ರವವೋ?

ಮೊದಲು ಜೀವ, ಆಮೇಲೆ ಕಾಲು. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ದಪ್ಪ ಟವೆಲಿನಲ್ಲಿ ಸುತ್ತಿ ಎತ್ತಿಕೊಳ್ಳಿ. ನೋವಿನಲ್ಲಿ ಅದು ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ರೇಬಿಸ್ ಲಸಿಕೆಗಾಗಿ ವೈದ್ಯರನ್ನು ಕಾಣಿರಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅನ್ನು ಬೆಕ್ಕಿಗೆ ಖಂಡಿತ ಕೊಡಬೇಡಿ. ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು.

ನಂತರ ತಿಳಿಯಬೇಕಾದದ್ದು, ಮುರಿದಿರುವುದು ಮೂಳೆಯೋ, ಜಖಂ ಆಗಿರುವುದು ನರವೋ ಎಂಬುದು. ಸ್ಪರ್ಶಜ್ಞಾನವಿರುವ ಕಾಲಿನ ಮೂಳೆ ಮುರಿದಿದ್ದರೆ, ಕೂಡಿಸಲು ಸಾಧ್ಯವೇ ಎಂದು ಮೊದಲು ಕೇಳಿ. ನರದ ವಿಷಯ ಬೇರೆ. ಬಿದ್ದಾಗ ಕಾಲು ದೇಹದಿಂದ ಸೆಳೆದಂತಾದರೆ ಕಂಕುಳಿನ ನರಗಳ ಗುಚ್ಛ ಹರಿಯುತ್ತದೆ. ಪಂಜ ಮಡಚಿಕೊಂಡು, ಅದರ ಮೇಲ್ಭಾಗ ನೆಲಕ್ಕೆ ಉಜ್ಜುತ್ತದೆ. ವೈದ್ಯರು ಬೆರಳನ್ನು ಬಲವಾಗಿ ಹಿಸುಕಿದಾಗ ಬೆಕ್ಕು ತಿರುಗಿ ನೋಡಬೇಕು ಇಲ್ಲವೇ ಕೂಗಬೇಕು. ಕಾಲು ಸುಮ್ಮನೆ ಹಿಂದಕ್ಕೆಳೆದರೆ ಸಾಲದು. ಅದೇ ಬದಿಯ ಕಣ್ಣಿನ ಪಾಪೆ ಕಿರಿದಾಗಿ, ರೆಪ್ಪೆ ಜೋತಿದ್ದರೆ ನರ ಬೆನ್ನುಹುರಿಯ ಬಳಿಯೇ ಕಿತ್ತುಬಂದಿರುವ ಸಾಧ್ಯತೆ ಹೆಚ್ಚು.

ನರಕ್ಕೆ ಮಾತ್ರ ಪೆಟ್ಟಾಗಿ, ಕಾಲಿನಲ್ಲಿ ಗಾಯವಿಲ್ಲದಿದ್ದರೆ ಕೆಲವು ವಾರ ಕಾಯಬಹುದು. ಬೆಕ್ಕನ್ನು ಒಳಗೇ ಇಟ್ಟು, ಪಂಜಕ್ಕೆ ಒಣ ಬ್ಯಾಂಡೇಜ್ ಸುತ್ತಿ, ಆಗಾಗ ತಪಾಸಣೆ ಮಾಡಿಸಿ. ಆದರೆ ಬೆಕ್ಕು ತನ್ನ ಬೆರಳನ್ನೇ ಕಡಿಯತೊಡಗಿದರೆ, ಹುಣ್ಣು ಮಾಯದಿದ್ದರೆ, ಕಾಲು ತಣ್ಣಗಾಗಿ ಕಪ್ಪಾದರೆ ಇನ್ನು ಕಾಯುವುದು ಅದಕ್ಕೆ ಹಿಂಸೆ. ನಾವು ಕರುಣೆ ಎಂದುಕೊಂಡದ್ದು ಅಲ್ಲಿ ಬೆಕ್ಕಿಗೆ ಕಾಟವಾಗುತ್ತದೆ.

ಒಪ್ಪುವ ಮೊದಲು ಉಳಿದ ಮೂರು ಕಾಲು, ಎದೆ, ಮೂತ್ರಪಿಂಡ ಸರಿಯಿವೆಯೇ ಎಂದು ಎಕ್ಸ್-ರೇ, ರಕ್ತಪರೀಕ್ಷೆ ಮಾಡಿಸಿ. ಬೆಕ್ಕಿನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರುವುದು ಮುಂಗಾಲುಗಳೇ. ಉಳಿಯುವ ಒಂದು ಗಟ್ಟಿಯಾಗಿರಬೇಕು. ಅರಿವಳಿಕೆ, ನೋವಿನ ಔಷಧ, ವಾಸ್ತವ್ಯ ಎಲ್ಲ ಸೇರಿ ಖರ್ಚೆಷ್ಟು ಎಂದು ಮುಂಚೆಯೇ ಕೇಳಿ, ಸಂಕೋಚ ಬೇಡ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ, ಹೈದರಾಬಾದ್ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆಗೆ ನೇರ ಹೋದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸಿಗುತ್ತದೆ.

‘ಸ್ವಲ್ಪವಾದರೂ ಕಾಲು ಉಳಿಸಿ’ ಎಂದು ಕೆಲವರು ಅಂಗಲಾಚುತ್ತಾರೆ. ಮೋಟುಕಾಲು ಉಳಿದರೆ ಬೆಕ್ಕು ಅದನ್ನೇ ಊರಲು ಹೋಗಿ ಗಾಯ ಮಾಡಿಕೊಳ್ಳುತ್ತದೆ. ಅದಕ್ಕೇ ಸಾಮಾನ್ಯವಾಗಿ ಭುಜದ ಹಲಗೆಯ ಸಮೇತ ತೆಗೆಯುತ್ತಾರೆ. ಬೆಕ್ಕಿನ ಮುಂಗಾಲು ಎದೆಗೂಡಿಗೆ ಸ್ನಾಯುಗಳಿಂದ ಮಾತ್ರ ಅಂಟಿಕೊಂಡಿರುವುದರಿಂದ ಮೂಳೆ ಕೊಯ್ಯುವ ಪ್ರಮೇಯವೇ ಇಲ್ಲ.

ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ. ಅಲ್ಲಿಯವರೆಗೆ ನೆಕ್ಕದಂತೆ ಲಾಳಿಕೆಯಾಕಾರದ ಕೊರಳಪಟ್ಟಿ ಇರಲಿ. ಮಲಮೂತ್ರಕ್ಕೆಂದು ಇಟ್ಟ ಮರಳಿನ ತಟ್ಟೆಯ ಅಂಚು ತಗ್ಗಾಗಿರಲಿ. ಹತ್ತುವುದಕ್ಕಿಂತ ಇಳಿಯುವುದು ಅದಕ್ಕೆ ಕಷ್ಟ, ಇಳಿಯುವಾಗ ಪೆಟ್ಟೆಲ್ಲ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಕಿಟಕಿ, ಮಂಚದ ಬಳಿ ಮೆಟ್ಟಿಲಿನಂತೆ ಒಂದು ಪೆಟ್ಟಿಗೆ ಇಡಿ. ಪಂಜವಿಲ್ಲದ ಬದಿಯ ಮುಖ, ಕಿವಿಯನ್ನು ಅದು ಒರೆಸಿಕೊಳ್ಳಲಾರದು, ಒದ್ದೆ ಬಟ್ಟೆಯಿಂದ ನೀವೇ ಒರೆಸಿ. ತೂಕ ಹೆಚ್ಚಲು ಬಿಡಬೇಡಿ. ಮನೆಗೆ ಬಂದ ಮೇಲೆ ಇಡೀ ಒಂದು ದಿನ ಏನೂ ತಿನ್ನದಿದ್ದರೆ, ಹೊಲಿಗೆಯಿಂದ ಕೀವು ಬಂದರೆ ಅಂದೇ ವೈದ್ಯರಿಗೆ ತಿಳಿಸಿ.