ಡಿಜೈರಿನ ಎಂಜಿನ್ ಮೌಂಟಿಂಗ್: ಪತ್ತೆ ಹಚ್ಚುವುದು, ಬದಲಿಸುವುದು, ಬಿಗಿಯುವುದು

ನಿಂತ ಗಾಡಿಯಲ್ಲಿ ಸ್ಟೇರಿಂಗ್ ನಡುಗುತ್ತದೆ, ಎ.ಸಿ. ಹಾಕಿದರೆ ಡ್ಯಾಶ್‌ಬೋರ್ಡ್ ಗರಗರ ಅನ್ನುತ್ತದೆ, ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಕೆಳಗಿನಿಂದ ‘ಟಕ್’ ಎಂದು ಏಟು ಕೇಳುತ್ತದೆ. ಇಷ್ಟು ಹೇಳಿದರೆ ತುಮಕೂರಿನ ಹೆಚ್ಚಿನ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಒಂದೇ: ‘ಮೌಂಟಿಂಗ್ ಹೋಗಿದೆ ಸಾರ್, ಮೂರೂ ಚೇಂಜ್ ಮಾಡ್ಬಿಡೋಣ.’ ಮೌಂಟಿಂಗ್ ಅಂದರೆ ಎಂಜಿನ್ನನ್ನು ಗಾಡಿಗೆ ಕಟ್ಟಿ ಹಿಡಿದು, ಅದರ ನಡುಕ ನುಂಗುವ ರಬ್ಬರ್-ಲೋಹದ ಆಧಾರ. ಮೂರರಲ್ಲಿ ನಿಜಕ್ಕೂ ಹೋಗಿರುವುದು ಬಹುಪಾಲು ಒಂದು, ಹೆಚ್ಚೆಂದರೆ ಎರಡು. ಕೆಲವೊಮ್ಮೆ ಒಂದೂ ಅಲ್ಲ, ಸ್ಪಾರ್ಕ್ ಪ್ಲಗ್ಗು. ಇನ್ನು ಮೂರನ್ನೂ ಬದಲಿಸಿದ ಮೇಲೂ ನಡುಕ ಹಾಗೇ ಉಳಿದ ಗಾಡಿ ಬಂದರೆ ನಾನು ಮೊದಲು ಅನುಮಾನ ಪಡುವುದು ಪಾರ್ಟಿನ ಮೇಲಲ್ಲ, ಅದರ ಬೋಲ್ಟು ಬಿಗಿದ ರೀತಿಯ ಮೇಲೆ.

ಇಲ್ಲಿ ಮುಂದಿಟ್ಟುಕೊಂಡಿರುವುದು ಮಾರುತಿ ಡಿಜೈರ್ 1.2 ಪೆಟ್ರೋಲ್, ನಾಲ್ಕು ಸಿಲಿಂಡರಿನ (2024ರ ಕೊನೆಗೆ ಹೊಸ ಮಾಡೆಲ್ ಬರುವ ಮುಂಚಿನ) ಮ್ಯಾನ್ಯುಯಲ್ ಗೇರಿನ ಗಾಡಿ. ಎಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುವ ಬೇರೆ ಸೆಡಾನ್‌ಗಳಲ್ಲಿ ಮೌಂಟಿಂಗ್‌ಗಳ ಸಂಖ್ಯೆ, ಜಾಗ ಬದಲಾಗಬಹುದು. ಕೆಲಸದ ಕ್ರಮ ಬದಲಾಗುವುದಿಲ್ಲ.

ಡಿಜೈರಿನಲ್ಲಿ ಮೂರು. ಡ್ರೈವರ್ ಕಡೆ, ಟೈಮಿಂಗ್ ಚೈನ್ ಕವರಿನ ಪಕ್ಕ ಬಲ ಮೌಂಟಿಂಗ್. ಎಡಗಡೆ ಬ್ಯಾಟರಿ ಟ್ರೇ ಅಡಿಯಲ್ಲಿ ಗೇರ್‌ಬಾಕ್ಸ್ ಮೌಂಟಿಂಗ್. ಈ ಎರಡು ಭಾರ ಹೊರುತ್ತವೆ. ಮೂರನೆಯದು ಕೆಳಗೆ ಹಿಂಭಾಗದಲ್ಲಿ ಗೇರ್‌ಬಾಕ್ಸನ್ನು ಸಬ್‌ಫ್ರೇಮಿಗೆ (ಗಾಡಿಯ ತಳದ ಉಕ್ಕಿನ ಚೌಕಟ್ಟಿಗೆ) ಕಟ್ಟುವ ಟಾರ್ಕ್ ರಾಡ್. ಅದು ಭಾರ ಹೊರುವುದಿಲ್ಲ, ಎಂಜಿನ್ ಹಿಂದೆ ಮುಂದೆ ವಾಲದಂತೆ ಹಿಡಿದಿಡುತ್ತದೆ. ಎಂಜಿನ್ನಿನ ಟಾರ್ಕು, ಅಂದರೆ ತಿರುಗಿಸುವ ಬಲ, ಮೊದಲ ಗೇರು, ಡಿಫರೆನ್ಷಿಯಲ್ ಎರಡನ್ನೂ ದಾಟುವಾಗ ಹನ್ನೆರಡು ಪಟ್ಟಿಗೂ ಹೆಚ್ಚಾಗುತ್ತದೆ. ಅಷ್ಟೇ ಬಲದಲ್ಲಿ ಎಂಜಿನ್ ಎದುರು ದಿಕ್ಕಿಗೆ ಉರುಳಲು ನೋಡುತ್ತದೆ. ಅದನ್ನು ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಈ ರಾಡಿನ ತುದಿಯ ರಬ್ಬರ್ ಬುಷ್‌ಗಳದ್ದು (ನಡುವೆ ಲೋಹದ ಕೊಳವೆ ಇರುವ ರಬ್ಬರ್ ಬಳೆಗಳು). ಹಾಗಾಗಿ ಮೂರರಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಇದೇ, ಮತ್ತು ಬದಲಿಸಲು ಸುಲಭವೂ ಇದೇ.

ಮೌಂಟಿಂಗ್ ಮುಟ್ಟುವ ಮೊದಲು ಎಂಜಿನ್ ಸರಿಯಾಗಿ ಓಡುತ್ತಿದೆಯೇ ಎಂದು ತಿಳಿಯಬೇಕು. ನಾಲ್ಕು ಸಿಲಿಂಡರಿನ ಎಂಜಿನ್ 750 ಆರ್‌ಪಿಎಂನಲ್ಲಿ ಸೆಕೆಂಡಿಗೆ 12.5 ಸುತ್ತು ತಿರುಗುತ್ತದೆ, ಸುತ್ತಿಗೆ ಎರಡು ಫೈರಿಂಗ್, ಅಂದರೆ ಸೆಕೆಂಡಿಗೆ 25 ಏಟು. ಹೋದ ಮೌಂಟಿಂಗ್ ಈ 25 ಏಟನ್ನೂ ಹಾಗೇ ಗಾಡಿಯ ಬಾಡಿಯೊಳಕ್ಕೆ ದಾಟಿಸುತ್ತದೆ. ಕೈಗೆ ಅದು ಸಣ್ಣ, ಒಂದೇ ಸಮನೆಯ ನಡುಕ. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ (ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿದ್ದರೆ) ಸೆಕೆಂಡಿಗೆ ಆರೇಳು ಸಲ ಬರುವ ನಿಧಾನದ ಒದೆತ, ಗಾಡಿಯೇ ಮೈ ಕುಲುಕಿದಂತೆ. ಸೈಲೆನ್ಸರ್ ಬಾಯಿಗೆ ಕಾಗದದ ಚೂರೊಂದನ್ನು ಹಿಡಿದರೆ ಸರಿಯಾದ ಎಂಜಿನ್ ಅದನ್ನು ಸಮನಾಗಿ ಹೊರಕ್ಕೆ ತಳ್ಳುತ್ತದೆ. ಮಿಸ್ ಇದ್ದರೆ ಕಾಗದ ಆಗಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಇದ್ದರೆ ಪಿ0300ರಿಂದ ಪಿ0304ರವರೆಗಿನ ಕೋಡ್‌ಗಳನ್ನು ನೋಡಿ. ಕೊನೆಯ ಅಂಕಿಯೇ ಸಿಲಿಂಡರಿನ ನಂಬರು, ಸೊನ್ನೆ ಬಂದರೆ ಯಾವುದೋ ಒಂದಕ್ಕೆ ಸೀಮಿತವಲ್ಲದ ಮಿಸ್ಸು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿ ಐಡ್ಲಿಂಗ್ (ಗಾಡಿ ನಿಂತಾಗ ಎಂಜಿನ್ ಓಡುವ ವೇಗ) ತಗ್ಗಿದ್ದರೂ ನಡುಕ ಬರುತ್ತದೆ. ಎ.ಸಿ. ಹಾಕಿದಾಗ ಐಡ್ಲಿಂಗ್ ಸ್ವಲ್ಪ ಏರಬೇಕು. ಏರುವ ಬದಲು ಕುಸಿದರೆ ಮೊದಲು ಅದನ್ನು ಸರಿಮಾಡಿ.

ನಡುಕ ಯಾವಾಗ ಬರುತ್ತದೆ ಎಂಬುದೂ ಬಹಳ ಹೇಳುತ್ತದೆ. ನೆಲಮಂಗಲದ ಕಡೆ ಹೈವೇಯಲ್ಲಿ 80 ದಾಟಿದ ಮೇಲಷ್ಟೇ ಸ್ಟೇರಿಂಗ್ ನಡುಗಿದರೆ ಅದು ವೀಲ್ ಬ್ಯಾಲೆನ್ಸಿಂಗ್ ಅಥವಾ ಟೈರು. ಮೌಂಟಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಗಾಡಿಯ ಮುಂಭಾಗ ಎಡಬಲಕ್ಕೆ ತುಯ್ದಾಡಿ, ಕಾಲು ತೆಗೆದ ಕೂಡಲೇ ನಿಂತರೆ ಆಕ್ಸಲ್‌ನ ಒಳಗಡೆ ಜಾಯಿಂಟ್ ನೋಡಿ. ಕ್ಲಚ್ ಬಿಡುವಾಗ, ಗೇರ್ ಬದಲಿಸುವಾಗ ಒಂದೇ ಒಂದು ‘ಟಕ್’ ಬಂದು ಗೇರ್ ಲಿವರ್ ಕುಕ್ಕಿದಂತಾದರೆ ಟಾರ್ಕ್ ರಾಡ್. ಹಂಪು ಇಳಿಯುವಾಗ ‘ಧಡ್’ ಎಂದು ಎಂಜಿನ್ ಬಾನೆಟ್ ಕಡೆಯಿಂದ ಕೇಳಿದರೆ ಬಲ ಅಥವಾ ಎಡ ಮೌಂಟಿಂಗಿನ ರಬ್ಬರ್ ಕುಸಿದು ಲೋಹಕ್ಕೆ ಲೋಹ ತಾಗುತ್ತಿದೆ. ಇಲ್ಲಿ ಶಾಕ್ ಅಬ್ಸಾರ್ಬರ್ ಟಾಪ್ ಮೌಂಟಿಂಗ್ ಜೊತೆ ಗೊಂದಲವಾಗುವುದು ಸಹಜ; ಎಂಜಿನ್ ಆಫ್ ಮಾಡಿ ಫೆಂಡರ್ ಮೇಲೆ ಭಾರ ಹಾಕಿ ಕುಲುಕಿದಾಗಲೂ ಸದ್ದು ಬಂದರೆ ಸಸ್ಪೆನ್ಷನ್ ಕಡೆ ನೋಡಿ.

ಈಗ ಟಾರ್ಚ್ ಹಿಡಿದು ನೋಡುವ ಕೆಲಸ. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆ ಬಿರುಕು ಕಂಡರೆ ಗಾಬರಿ ಬೇಡ, ವಯಸ್ಸಾದ ಎಲ್ಲ ರಬ್ಬರಿನಲ್ಲೂ ಇರುತ್ತದೆ. ಮುಖ್ಯವಾದುದು ರಬ್ಬರ್ ಲೋಹಕ್ಕೆ ಅಂಟಿರುವ ಗೆರೆ. ಅಲ್ಲಿ ಕಿತ್ತು ಬಂದಿದ್ದರೆ ಪಾರ್ಟು ಮುಗಿಯಿತು. ನಡುವಿನ ಲೋಹದ ಸುತ್ತ ಇರುವ ಸಂದು ಮೇಲೆ ಹೆಚ್ಚು, ಕೆಳಗೆ ಇಲ್ಲವೇ ಇಲ್ಲ ಅನ್ನುವಂತಿದ್ದರೆ ಕುಸಿದಿದೆ. ತುಕ್ಕಿನ ನಡುವೆ ಒಂದು ಜಾಗ ಮಾತ್ರ ಹೊಳೆಯುತ್ತಿದ್ದರೆ ಅಲ್ಲಿ ಲೋಹ ಉಜ್ಜುತ್ತಿದೆ. ಕೆಲವು ಸೆಡಾನ್‌ಗಳಲ್ಲಿ ಭಾರ ಹೊರುವ ಮೌಂಟಿಂಗ್ ಒಳಗೆ ದ್ರವ ತುಂಬಿರುತ್ತದೆ. ಅದರ ಕೆಳಗೆ ಜಿಡ್ಡಿನ ಕಪ್ಪು ಕಲೆ ಇಳಿದಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಕಣ್ಣಿಗೆ ಖಚಿತವಾಗದಿದ್ದರೆ ಜಾಕಿ. ಆಯಿಲ್ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಕೆಳಗೆ ಹಲಗೆ ಇಟ್ಟು ಎಂಜಿನ್ನನ್ನು ಕೆಲವೇ ಮಿಲಿಮೀಟರ್ ಎತ್ತಿದಾಗ ರಬ್ಬರ್ ಮತ್ತು ಲೋಹದ ನಡುವೆ ಬಾಯಿ ಬಿಟ್ಟರೆ ಆ ಮೌಂಟಿಂಗ್ ಹರಿದಿದೆ. ಗಾಡಿ ನೆಲದ ಮೇಲಿರುವಾಗ ಭಾರಕ್ಕೆ ಆ ಬಿರುಕು ಮುಚ್ಚಿಕೊಂಡಿರುತ್ತದೆ, ಬರೀ ಮೇಲಿನಿಂದ ನೋಡಿ ‘ಚೆನ್ನಾಗೇ ಇದೆ’ ಅಂದುಬಿಡುವುದು ಇದಕ್ಕೇ. ಟಾರ್ಕ್ ರಾಡನ್ನು ಟಾಮಿ (ಕಬ್ಬಿಣದ ಸಲಾಕೆ) ಹಾಕಿ ಮೀಟಿ ನೋಡಬೇಕು. ರಬ್ಬರ್ ಬಗ್ಗಬೇಕು, ಆದರೆ ಸಡಿಲವಾಗಿ ಲೊಡಲೊಡ ಅನ್ನಬಾರದು.

ಇನ್ನೊಂದು ಪರೀಕ್ಷೆ ಇಬ್ಬರು ಇದ್ದರೆ ಮಾತ್ರ. ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕ್ ಬಲವಾಗಿ ಒತ್ತಿ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಹಿಡಿಯುವ ಹಂತದವರೆಗೆ ಮಾತ್ರ ಬಿಡಬೇಕು, ಒಂದೆರಡು ಸೆಕೆಂಡ್ ಅಷ್ಟೇ. ನೋಡುವವರು ಪಕ್ಕದಲ್ಲಿ ನಿಲ್ಲಬೇಕು, ಗಾಡಿಯ ಮುಂದೆ ಖಂಡಿತ ಅಲ್ಲ. ಗಾಡಿ ಮುಂದಕ್ಕೆ ಹೋಗುವ ಗೇರಿನಲ್ಲಿ ಎಂಜಿನ್ನಿನ ತಲೆ ಹಿಂದಕ್ಕೆ ವಾಲುತ್ತದೆ, ರಿವರ್ಸಿನಲ್ಲಿ ಮುಂದಕ್ಕೆ. ಸ್ವಲ್ಪ ಅಲ್ಲಾಡುವುದು ಸರಿ. ಒಂದು ಇಂಚು ಜಿಗಿದರೆ ಸರಿಯಲ್ಲ. ಒಂದೇ ಕಡೆಗೆ ಜಾಸ್ತಿ ವಾಲಿದರೆ ಟಾರ್ಕ್ ರಾಡಿನ ಬುಷ್ ಒಂದು ಪಕ್ಕದಲ್ಲಿ ಹರಿದಿರುವ ಸಾಧ್ಯತೆ ಹೆಚ್ಚು.

ಪಾರ್ಟು ತರುವಾಗ ‘ಡಿಜೈರ್ ಮೌಂಟಿಂಗ್ ಕೊಡಿ’ ಅಂದರೆ ಸಾಲದು. ಪೆಟ್ರೋಲ್, ಡೀಸೆಲ್, ಆಟೋ ಗೇರ್, ಮಾಡೆಲ್ ವರ್ಷ ಬದಲಾದಂತೆ ಪಾರ್ಟೂ ಬದಲಾಗುತ್ತದೆ. 17 ಅಕ್ಷರದ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಊರಲ್ಲಿ ಸ್ಟಾಕ್ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಆದರೆ ಅಲ್ಲಿ ಒರಿಜಿನಲ್ ಡಬ್ಬಿಯಲ್ಲಿ ಬೇರೆ ಮಾಲು ಬರದಂತೆ ಕಣ್ಣಿಟ್ಟಿರಬೇಕು. ಲೋಕಲ್ ಮೌಂಟಿಂಗಿನ ರಬ್ಬರ್ ಬಹಳ ಸಲ ಗಟ್ಟಿ. ಬೇಗ ಹರಿಯದಿರಬಹುದು, ಆದರೆ ನಡುಕವನ್ನು ನುಂಗುವುದೂ ಇಲ್ಲ. ಬ್ರ್ಯಾಕೆಟ್ಟಿನ ತೂತು ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೆ ಫೈಲ್ ಹಾಕಿ ಅಗಲ ಮಾಡುವ ಪದ್ಧತಿ ಇದೆ. ಅಂಥ ಪಾರ್ಟನ್ನು ಅಂಗಡಿಗೇ ವಾಪಸ್ ಕೊಡುವುದು ವಾಸಿ. ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಮನೆ ಗಾಡಿಗೆ ಬೇಡ.

ಬೇಕಾದ ಸಾಮಾನು: 2 ಟನ್ ಟ್ರಾಲಿ ಜಾಕಿ, ಒಂದು ಜೊತೆ ಸ್ಟ್ಯಾಂಡ್, ಸಂಪ್ ಅಗಲಕ್ಕೆ ಬರುವ ಒಂದಿಂಚು ದಪ್ಪದ ಹಲಗೆ, 10, 12, 14, 17ರ ಸಾಕೆಟ್, ಉದ್ದ ಎಕ್ಸ್‌ಟೆನ್ಷನ್, ಬ್ರೇಕರ್ ಬಾರ್, ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿದೆವು ಎಂದು ತಿಳಿಸುವ ರೆಂಚ್), ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಪೇಂಟ್ ಮಾರ್ಕರ್. ಸ್ಪ್ರೇಯನ್ನು ಹಿಂದಿನ ರಾತ್ರಿಯೇ ಬೋಲ್ಟಿನ ಬುಡಕ್ಕೆ ಹೊಡೆದಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ಆದಂತೆ. ರಬ್ಬರಿಗೆ ಮಾತ್ರ ತಾಗದಿರಲಿ.

ಎಂಜಿನ್ ತಣ್ಣಗಿರಬೇಕು, ನೆಲ ಸಮತಟ್ಟಾಗಿರಬೇಕು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಯಾವ ಕಾರಣಕ್ಕೂ ಎರಡು ಮೌಂಟಿಂಗ್ ಒಟ್ಟಿಗೆ ಕಳಚಬಾರದು. ನಾನು ಅನುಸರಿಸುವ ಕ್ರಮ: ಮೊದಲು ಟಾರ್ಕ್ ರಾಡಿನ ಬೋಲ್ಟುಗಳನ್ನು ತೆಗೆಯದೆ ಸಡಿಲ ಮಾತ್ರ ಮಾಡುವುದು, ಆಮೇಲೆ ಬಲ, ಆಮೇಲೆ ಎಡ, ಕೊನೆಗೆ ಟಾರ್ಕ್ ರಾಡ್. ರಾಡ್ ಬಿಗಿಯಿದ್ದರೆ ಎಂಜಿನ್ ನೇರ ಮೇಲೆ ಬರದೆ ಓರೆಯಾಗಿ ಏಳುತ್ತದೆ, ತೂತುಗಳು ಕೂಡುವುದೇ ಇಲ್ಲ.

ಬಲ ಮೌಂಟಿಂಗಿಗೆ ಜಾಕಿ ಕೊಡುವುದು ಸಂಪ್ ಕೆಳಗೆ, ಹಲಗೆಯ ಮೇಲೆ, ಡ್ರೈನ್ ಪ್ಲಗ್ ಬಿಟ್ಟು. ಹಲಗೆ ಇಲ್ಲದೆ ಎತ್ತಿದರೆ ಸಂಪ್ ತಗ್ಗಾಗಿ ಒಳಗಿನ ಆಯಿಲ್ ಸ್ಟ್ರೈನರಿಗೆ ತಾಗುತ್ತದೆ; ಆಮೇಲೆ ಬರುವ ಖರ್ಚಿನ ಮುಂದೆ ಮೌಂಟಿಂಗ್ ಖರ್ಚು ಏನೂ ಅಲ್ಲ. ಎಂಜಿನ್ನಿನ ಭಾರ ಜಾಕಿಗೆ ಬಂತು ಅನ್ನುವಷ್ಟಕ್ಕೇ ನಿಲ್ಲಿಸಿ. ಬಾಡಿಯೇ ಏಳಲು ಶುರುವಾದರೆ ಜಾಸ್ತಿಯಾಯಿತು. ಎತ್ತುವಾಗ ರೇಡಿಯೇಟರ್ ಹೋಸು, ಎ.ಸಿ. ಪೈಪು, ಸೈಲೆನ್ಸರಿನ ಮುಂದಿನ ಪೈಪು ಎಳೆಯುತ್ತಿದೆಯೇ ನೋಡುತ್ತಿರಿ. ಹಳೆಯದನ್ನು ಬಿಚ್ಚುವ ಮುಂಚೆ ಬ್ರ್ಯಾಕೆಟ್ ಅಂಚಿನಲ್ಲಿ ಮಾರ್ಕರ್ ಗೆರೆ ಎಳೆದು ಒಂದು ಫೋಟೋ ತೆಗೆದಿಟ್ಟರೆ ಹೊಸದು ಕೂರಿಸುವಾಗ ಜಾಗ ತಪ್ಪುವುದಿಲ್ಲ.

ಎಡಗಡೆಗೆ ಬ್ಯಾಟರಿ, ಟ್ರೇ ಪೂರ್ತಿ ತೆಗೆಯಬೇಕು, ಜಾಕಿ ಗೇರ್‌ಬಾಕ್ಸ್ ಕೆಳಗೆ. ಈ ಕೆಲಸದಲ್ಲಿ ಅರ್ಥ್ ವೈರ್ ಕಡೆ ಗಮನ ಇರಲಿ. ಗೇರ್‌ಬಾಕ್ಸಿಗೋ ಬ್ರ್ಯಾಕೆಟ್ಟಿಗೋ ಬಾಡಿಯಿಂದ ಬಂದಿರುವ ದಪ್ಪ ಅರ್ಥ್ ಪಟ್ಟಿ ಬಿಚ್ಚಿದ್ದರೆ ವೈರ್ ಬ್ರಷ್ಷಿನಿಂದ ಉಜ್ಜಿ ವಾಪಸ್ ಅದೇ ಜಾಗಕ್ಕೆ ಹಾಕಬೇಕು. ಮರೆತರೆ ಸೆಲ್ಫ್ (ಸ್ಟಾರ್ಟರ್ ಮೋಟರ್) ಎಳೆಯುವ ಕರೆಂಟು ವಾಪಸ್ ಹೋಗಲು ಗೇರ್ ಕೇಬಲ್, ಕ್ಲಚ್ ಕೇಬಲ್ಲಿನ ದಾರಿ ಹಿಡಿಯುತ್ತದೆ; ಕೇಬಲ್ ಕಾದು ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಮೌಂಟಿಂಗ್ ಹಾಕಿಸಿದ ಮೇಲೆ ‘ಸೆಲ್ಫ್ ಸರಿಯಾಗಿ ತಿರುಗ್ತಿಲ್ಲ’ ಎಂದು ಬರುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದು.

ಪ್ರತಿ ಬೋಲ್ಟನ್ನೂ ಕೈಬೆರಳಿನಿಂದಲೇ ಮೂರ್ನಾಲ್ಕು ಸುತ್ತು ತಿರುಗಿಸಿ. ಬೆರಳಿಗೆ ಹೋಗದ ಬೋಲ್ಟು ಓರೆ ಹೋಗುತ್ತಿದೆ ಎಂದರ್ಥ; ರೆಂಚ್ ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಹೋಗುತ್ತದೆ. ತೂತು ಕೂಡದಿದ್ದರೆ ಜಾಕಿಯನ್ನು ಒಂದೆರಡು ಮಿಲಿಮೀಟರ್ ಏರಿಸಿ ಇಳಿಸಿ ನೋಡಿ, ಉದ್ದದ ಸ್ಕ್ರೂಡ್ರೈವರನ್ನು ತೂತಿಗೆ ಹಾಕಿ ಸರಿಸಿಕೊಳ್ಳಿ. ಸುತ್ತಿಗೆ ಬೇಡ.

ಟಾರ್ಕ್ ರಾಡ್ ಬದಲಿಸಲು ಗಾಡಿಯ ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ರಾಡನ್ನು ತೂರಿಸಿ, ಬೋಲ್ಟು ಹಾಕಿ, ಸಡಿಲವಾಗಿಯೇ ಬಿಡಿ.

ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿಂದ ಮುಂದೆ. ಜಾಕಿ ಇನ್ನೂ ಎಂಜಿನ್ನನ್ನು ಎತ್ತಿ ಹಿಡಿದಿರುವಾಗಲೇ ಎಲ್ಲವನ್ನೂ ಬಿಗಿದರೆ ಬುಷ್ ಒಳಗಿನ ಲೋಹದ ಕೊಳವೆ ಆ ಎತ್ತರದಲ್ಲೇ ಕಚ್ಚಿಕೊಳ್ಳುತ್ತದೆ. ಜಾಕಿ ತೆಗೆದ ಕೂಡಲೇ ಎಂಜಿನ್ ತನ್ನ ಜಾಗಕ್ಕೆ ಇಳಿಯುತ್ತದೆ, ರಬ್ಬರ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಉಳಿಯುತ್ತದೆ. ತಿರುಚಿದ ರಬ್ಬರ್ ಗಟ್ಟಿಯಾಗಿ ವರ್ತಿಸುತ್ತದೆ, ನಡುಕ ದಾಟಿಸುತ್ತದೆ, ಬೇಗ ಹರಿಯುತ್ತದೆ. ಹೋಂಡಾ ಗಾಡಿಗಳ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಮೌಂಟಿಂಗ್ ಬೋಲ್ಟು ಬಿಗಿಯುವ ಕ್ರಮವನ್ನೇ ಕೊಟ್ಟು, ಕ್ರಮ ತಪ್ಪಿದರೆ ಸದ್ದು, ನಡುಕ ಜಾಸ್ತಿಯಾಗಿ ಬುಷ್ ಆಯಸ್ಸು ಕಡಿಮೆಯಾಗುತ್ತದೆ ಎಂದು ಎಚ್ಚರಿಸಿರುವುದು ಇದಕ್ಕೇ.

ಹಾಗಾಗಿ ಬಲ, ಎಡ ಮೌಂಟಿಂಗನ್ನು ಗಾಡಿಯ ಬಾಡಿಯ ಜೊತೆ ಸೇರಿಸುವ ಬೋಲ್ಟುಗಳನ್ನು ಮೊದಲು ಬಿಗಿಯುತ್ತೇನೆ. ನಡುವಿನ ಮುಖ್ಯ ನಟ್ಟು ಕೂತಿರುತ್ತದೆ, ಆದರೆ ಪೂರ್ತಿ ಬಿಗಿದಿರುವುದಿಲ್ಲ. ಎಂಜಿನ್ ಕೆಳಗಿನ ಜಾಕಿ ತೆಗೆದು, ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ಇಳಿಸಿ, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುವುದು. ಬ್ಯಾಟರಿ ಜೋಡಿಸಿ ನ್ಯೂಟ್ರಲ್‌ನಲ್ಲೇ ಒಂದು ನಿಮಿಷ ಐಡ್ಲಿಂಗ್ ಬಿಟ್ಟು ಆಫ್ ಮಾಡಿದರೆ ಎಂಜಿನ್ ತನ್ನ ಸಹಜ ಜಾಗ ಹುಡುಕಿಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಗೇರ್ ಹಾಕಿ ಗಾಡಿ ಕದಲಿಸಬಾರದು. ಆಮೇಲೆ ಬಲ, ಎಡ ನಟ್ಟುಗಳು, ಕಟ್ಟಕಡೆಗೆ ಟಾರ್ಕ್ ರಾಡ್. ರಾಡ್ ಬಿಗಿಯುವಾಗ ಗಾಡಿಯ ಭಾರ ಚಕ್ರದ ಮೇಲೇ ಇರಬೇಕು. ಗುಂಡಿ ಅಥವಾ ರ‍್ಯಾಂಪ್ ಇದ್ದವರಿಗೆ ಅನುಕೂಲ.

ಎಷ್ಟು ಬಿಗಿಯಬೇಕು ಎಂಬುದಕ್ಕೆ ಆಯಾ ಮಾಡೆಲಿನ ಮ್ಯಾನ್ಯುಯಲ್ಲೇ ಪ್ರಮಾಣ. ಅಂದಾಜಿಗೆ, 8.8 ಬಲದ ದರ್ಜೆಯ ಎಂ10 ಬೋಲ್ಟು (10 ಮಿ.ಮೀ. ದಪ್ಪ, 14ರ ತಲೆ) 45ರಿಂದ 50 ನ್ಯೂಟನ್ ಮೀಟರ್, ಎಂ12 (17ರ ತಲೆ) 80ರ ಆಸುಪಾಸು ತಡೆಯುತ್ತದೆ. ಉದ್ದ ಪೈಪು ಹಾಕಿ ಎಳೆದರೆ ಇದು ಸುಲಭವಾಗಿ ದಾಟಿಹೋಗುತ್ತದೆ. ಬಿಗಿದ ಮೇಲೆ ನಟ್ಟಿನಿಂದ ಬ್ರ್ಯಾಕೆಟ್ಟಿಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ನಟ್ಟು ಕದಲಿದರೆ ಗೆರೆ ಮುರಿದಿರುತ್ತದೆ.

ಹೊಸ ಮೌಂಟಿಂಗ್ ಬೇಗ ಹಾಳಾಗಲು ನಮ್ಮ ಕಡೆ ಒಂದು ಖಚಿತ ಕಾರಣವಿದೆ: ವಾಟರ್ ಸರ್ವಿಸ್‌ನಲ್ಲಿ ಎಂಜಿನ್ನಿಗೂ ತಳಕ್ಕೂ ಡೀಸೆಲ್ ಹೊಡೆಯುವುದು. ರಬ್ಬರ್ ಎಣ್ಣೆ ಕುಡಿದು ಊದಿ ಮೆತ್ತಗಾಗುತ್ತದೆ. ವಾಲ್ವ್ ಕವರ್ ಪ್ಯಾಕಿಂಗ್ ಒಸರಿ ಬಲ ಮೌಂಟಿಂಗ್ ಮೇಲೆ ಆಯಿಲ್ ಇಳಿಯುತ್ತಿದ್ದರೂ ಅದೇ ಗತಿ. ಪ್ಯಾಕಿಂಗ್ ಬದಲಿಸದೆ ಮೌಂಟಿಂಗ್ ಬದಲಿಸಿದರೆ ದುಡ್ಡು ದಂಡ.

ನೋಡಲು ಓಡಿಸುವುದಾದರೆ ಬಿ.ಎಚ್. ರಸ್ತೆಯ ಟ್ರಾಫಿಕ್ಕಿನಲ್ಲಿ ಐಡ್ಲಿಂಗ್ ನಡುಕ ಗೊತ್ತಾಗುತ್ತದೆ, ಆದರೆ ಟಾರ್ಕ್ ರಾಡ್ ಮೇಲೆ ನಿಜವಾದ ಭಾರ ಬೀಳುವುದು ಏರಿನಲ್ಲಿ. ದೇವರಾಯನದುರ್ಗದ ಏರನ್ನು ಎರಡನೇ ಗೇರಿನಲ್ಲಿ ಹತ್ತಿಸಿ, ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದರೆ ‘ಟಕ್’ ಉಳಿದಿದೆಯೇ ಇಲ್ಲವೇ ತಿಳಿಯುತ್ತದೆ. ಹೊಸ ರಬ್ಬರ್ ಸ್ವಲ್ಪ ಬಿಗಿ ಇರುವುದರಿಂದ ಮೊದಲ ಕೆಲವು ನೂರು ಕಿಲೋಮೀಟರ್ ತೆಳು ನಡುಕ ಉಳಿಯಬಹುದು. 500 ಕಿ.ಮೀ. ಆದ ಮೇಲೆ ಪೇಂಟ್ ಗೆರೆಗಳನ್ನು ನೋಡಿ. ಗೆರೆ ಸರಿಯಿದ್ದೂ ನಡುಕ ಇಳಿಯದಿದ್ದರೆ ಪಾರ್ಟು ತೆಗೆಯುವ ಮುನ್ನ ಟಾರ್ಕ್ ರಾಡಿನ ಬೋಲ್ಟುಗಳನ್ನು ಸಡಿಲಿಸಿ, ಎಂಜಿನ್ನನ್ನು ಮತ್ತೆ ಕುಲುಕಿ ಕೂರಿಸಿ, ಚಕ್ರದ ಮೇಲೆ ಭಾರ ಇಟ್ಟು ಬಿಗಿದು ನೋಡಿ. ಅದಕ್ಕೂ ಬಗ್ಗದಿದ್ದರೆ ಬಲ ಮೌಂಟಿಂಗಿನ ನಡುವಿನ ನಟ್ಟಿಗೂ ಹಾಗೆಯೇ ಮಾಡಿ.