ಪಪ್ ಸೋಷಿಯಲ್‌ಗೆ ಮೊದಲ ಸಲ ಹೋಗುವವರಿಗೆ: ಚಿಕ್ಕಮಗಳೂರು ಕಡೆಯ ಕೈಪಿಡಿ

ಪಪ್ ಪ್ಲೇ ಅಂದರೆ ವಯಸ್ಕರು ಸ್ವಲ್ಪ ಹೊತ್ತು ನಾಯಿಮರಿಯ ಮನಸ್ಸಿಗೆ ಇಳಿದು ಆಡುವ ಆಟ. ನಾಲ್ಕು ಕಾಲಲ್ಲಿ ಓಡಾಡುವುದು, ಎಸೆದ ಚೆಂಡು ತರುವುದು, ಬೊಗಳುವುದು, ಒಬ್ಬರ ಮೇಲೊಬ್ಬರು ಬಿದ್ದು ಉರುಳಾಡುವುದು, ತಲೆ ಸವರಿಸಿಕೊಂಡು ಸುಮ್ಮನೆ ಮಲಗುವುದು, ಇಷ್ಟೇ. ಲೆದರ್ ಸಮುದಾಯದ (ಚರ್ಮದ ಉಡುಗೆಯನ್ನು ಗುರುತಾಗಿಸಿಕೊಂಡವರ ಬಳಗ) ಒಳಗೆ ಹುಟ್ಟಿ ಬೆಳೆದ ಆಟವಿದು. ಗೇ ಗಂಡಸರಲ್ಲಿ ಹೆಚ್ಚು ಕಾಣುತ್ತದಾದರೂ ಯಾವ ಲಿಂಗದವರೂ, ಯಾರನ್ನು ಪ್ರೀತಿಸುವವರೂ ಆಡುತ್ತಾರೆ. ಕೆಲವರಿಗೆ ಇದು ಲೈಂಗಿಕ ಬದುಕಿನ ಭಾಗ, ಕೆಲವರಿಗೆ ಅಲ್ಲವೇ ಅಲ್ಲ. ಆದರೆ ‘ಸೋಷಿಯಲ್’ ಅಂತ ಕರೆದ ಕೂಟದಲ್ಲಿ ಬಟ್ಟೆ ಮೈಮೇಲೇ ಇರುತ್ತದೆ, ಲೈಂಗಿಕ ಚಟುವಟಿಕೆಗೆ ಅಲ್ಲಿ ಜಾಗವಿಲ್ಲ. ಬರುವವರೆಲ್ಲ 18 ತುಂಬಿದವರೇ ಆಗಿರಬೇಕು. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳದ ಆಯೋಜಕರ ಕೂಟಕ್ಕೆ ಹೋಗಬೇಡಿ.

ಹೊಸಬರಿಗೆ ನಾವು ಎಲ್ಲಕ್ಕಿಂತ ಮೊದಲು ಹೇಳುವ ಮಾತು: ಅಲ್ಲಿ ನೀವು ಏನನ್ನೂ ಮಾಡಿ ತೋರಿಸಬೇಕಾಗಿಲ್ಲ. ಮೂರು ಗಂಟೆಯೂ ಗೋಡೆ ಬದಿಯ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತು ನೋಡಿ ಎದ್ದು ಬಂದರೂ ನೀವು ಬಂದದ್ದು ಪೂರ್ತಿ ಬಂದಂತೆಯೇ. ಮೊದಲ ಸಲ ಹಾಗೇ ಮಾಡುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಯಾರು ಜೋರು ಆಟದವರು, ಯಾರು ಮೆತ್ತಗೆ, ಯಾರು ‘ಸಾಕು’ ಅಂದಾಗ ತಕ್ಷಣ ನಿಲ್ಲಿಸುತ್ತಾರೆ ಎಂಬುದೆಲ್ಲ ಅರ್ಧ ಗಂಟೆ ನೋಡಿದರೆ ತಿಳಿದುಹೋಗುತ್ತದೆ.

ಜಾಗ ಮತ್ತು ಗುಟ್ಟು

ಚಿಕ್ಕಮಗಳೂರಿನಂಥ ಊರಲ್ಲಿ ಇಂಥ ಕೂಟಕ್ಕೆ ಸರಿಯಾದ ಜಾಗವೆಂದರೆ ಪೂರ್ತಿ ಬಾಡಿಗೆಗೆ ಹಿಡಿದ ಹೋಂಸ್ಟೇ ಅಥವಾ ಯಾರದಾದರೂ ಸ್ವಂತ ಮನೆ. ಒಂದೆರಡು ಕೋಣೆ ಮಾತ್ರ ಹಿಡಿದರೆ ಪಕ್ಕದ ಕೋಣೆಯಲ್ಲಿ ಮುಳ್ಳಯ್ಯನಗಿರಿ ನೋಡಲು ಬಂದ ಸಂಸಾರ ಇರುತ್ತದೆ. ಅವರು ಈ ಆಟಕ್ಕೆ ಒಪ್ಪಿಗೆ ಕೊಟ್ಟವರಲ್ಲ. ಒಪ್ಪಿಗೆ ಅನ್ನುವುದು ಆಡುವವರಿಗಷ್ಟೇ ಅಲ್ಲ, ನೋಡುವವರಿಗೂ ಸಂಬಂಧಿಸಿದ್ದು. ಅಡುಗೆಯವರು, ಕಾಫಿ ತಂದಿಡುವವರು, ತೋಟದ ರೈಟರು, ಯಾರ ಕಣ್ಣಿಗೂ ಅವರು ಕೇಳದ ನೋಟ ಬೀಳಬಾರದು. ಊಟ ಬಡಿಸಿ ಅವರು ಹೋದ ಮೇಲೆ, ಬಾಗಿಲು ಹಾಕಿದ ಮೇಲೆ ಹುಡ್ (ನಾಯಿಮುಖದ ಆಕಾರದ ಮುಸುಕು) ಹೊರಗೆ ಬರಲಿ. ಬಾಗಿಲು ಬಡಿದು, ಉತ್ತರ ಬಂದ ಮೇಲೇ ಒಳಗೆ ಬನ್ನಿ ಎಂದು ಅವರಿಗೆ ಮೊದಲೇ ತಿಳಿಸಿರಬೇಕು. ಮನೆ ಯಜಮಾನರಿಗೆ ಆಫೀಸ್ ಮೀಟಿಂಗ್ ಅಂತ ಸುಳ್ಳು ಹೇಳುವ ಆಯೋಜಕರಿದ್ದಾರೆ. ಅದು ಕೆಟ್ಟ ಲೆಕ್ಕ. ಒಳಗಿಂದ ಬೊಗಳುವ ಸದ್ದು ಕೇಳಿದಾಗ ಸುಳ್ಳು ಹೇಳಿದವರ ಮೇಲೆ ಅನುಮಾನ ಬರುತ್ತದೆ. ‘ವಯಸ್ಕರ ಖಾಸಗಿ ಕೂಟ, ವೇಷ ಹಾಕಿ ಆಡುತ್ತೇವೆ, ಸ್ವಲ್ಪ ಸದ್ದಿರುತ್ತದೆ, ಒಂಬತ್ತು ಗಂಟೆಗೆ ಮುಗಿಯುತ್ತದೆ’ ಅಂದರೆ ಸಾಕು, ಅದು ನಿಜವೂ ಹೌದು.

ಕಾನೂನಿನ ಮಾತು ಕೇಳುವವರಿಗೆ: 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತು. ಸೋಷಿಯಲ್‌ನಲ್ಲಿ ಅಂಥದ್ದೇನೂ ನಡೆಯುವುದೂ ಇಲ್ಲ. ಆದರೆ ಸಾರ್ವಜನಿಕ ಜಾಗದಲ್ಲಿನ ಅಶ್ಲೀಲ ವರ್ತನೆಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಶಿಕ್ಷೆ ಇದೆ, ಯಾವುದು ಅಶ್ಲೀಲ ಎಂಬ ವಾದವನ್ನು ರಸ್ತೆ ಬದಿಯಲ್ಲಿ ನಿಂತು ಗೆಲ್ಲುವುದು ಕಷ್ಟ. ಹುಡ್, ಹಾರ್ನೆಸ್ (ಎದೆಗೆ ಕಟ್ಟುವ ಪಟ್ಟಿ) ಹಾಕಿಕೊಂಡು ರಸ್ತೆಗೆ ಕಾಣುವ ಅಂಗಳಕ್ಕೆ, ವ್ಯೂಪಾಯಿಂಟಿಗೆ ಹೋಗಬೇಡಿ.

ಹೋಂಸ್ಟೇಯಲ್ಲಿ ಉಳಿಯುವುದಾದರೆ ಗುರುತಿನ ಚೀಟಿ ಕೊಡಲೇಬೇಕಾಗುತ್ತದೆ. ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಅನ್ನು ಯುಐಡಿಎಐ ತಾಣದಿಂದಲೇ ಇಳಿಸಿಕೊಳ್ಳಬಹುದು. ಕೂಟದ ಒಳಗೆ ಮಾತ್ರ ನಿಮ್ಮ ಪಪ್ ಹೆಸರೊಂದೇ (ಆಟದಲ್ಲಿ ನಾಯಿಮರಿಯಾಗಿ ಇಟ್ಟುಕೊಂಡ ಹೆಸರು) ಸಾಕು. ಹೆಸರು ಇನ್ನೂ ಹೊಳೆದಿಲ್ಲವಾದರೆ ಯಾವುದಾದರೂ ಅಡ್ಡಹೆಸರು ಹೇಳಿ.

ಮಲೆನಾಡಿನಲ್ಲಿ ಇಬ್ಬರು ಸೇರಿದರೆ ಮೊದಲು ಬರುವ ಪ್ರಶ್ನೆ ‘ಯಾವ ಕಡೆಯವರು, ಯಾರ ಮನೆಯವರು’. ಪ್ರೀತಿಯಿಂದಲೇ ಕೇಳುತ್ತೇವೆ. ಇಲ್ಲಿ ಮಾತ್ರ ಕೇಳಬಾರದು. ಮೂಡಿಗೆರೆ ಕಡೆ, ಇಷ್ಟು ಎಕರೆ ತೋಟ, ಅಣ್ಣ ಇಂಥ ಕಡೆ ಕೆಲಸ ಅಂದರೆ ಸಾಕು, ಹೆಸರು ಹೇಳಿದ ಹಾಗೇ. ಮರುದಿನ ಬಸ್ ಸ್ಟ್ಯಾಂಡಿನಲ್ಲೋ ಎಂ.ಜಿ. ರಸ್ತೆಯಲ್ಲೋ ಅದೇ ವ್ಯಕ್ತಿ ಎದುರಾದರೆ ಅವರು ಮಾತಾಡಿಸುವ ತನಕ ನೀವು ಪರಿಚಯ ತೋರಿಸಬೇಡಿ.

ಫೋನುಗಳು ಬಾಗಿಲ ಬಳಿಯ ಬುಟ್ಟಿಗೆ ಹೋಗುತ್ತವೆ, ಇಲ್ಲವೇ ಮುಂದಿನ ಹಿಂದಿನ ಎರಡೂ ಕ್ಯಾಮೆರಾದ ಮೇಲೆ ಟೇಪು ಬೀಳುತ್ತದೆ. ಫೋಟೋ ತೆಗೆಯಲು ಬೇರೆ ಸಮಯ ಗೊತ್ತು ಮಾಡಿರುತ್ತಾರೆ, ಆಗಲೂ ಚೌಕಟ್ಟಿನಲ್ಲಿರುವ ಪ್ರತಿಯೊಬ್ಬರನ್ನೂ ಕೇಳಬೇಕು. ಹುಡ್ ಹಾಕಿದ್ದಾರಲ್ಲ, ಗುರುತು ಸಿಗುವುದಿಲ್ಲ ಅಂದುಕೊಳ್ಳಬೇಡಿ. ಹಚ್ಚೆ, ಕೈಯ ಕಡಗ, ಹಿಂದಿನ ಗೋಡೆಯ ಬಣ್ಣ, ಫೋಟೋ ಕಡತದೊಳಗಿನ ಲೊಕೇಶನ್, ಯಾವುದು ಬೇಕಾದರೂ ಗುರುತು ಕೊಡುತ್ತದೆ.

ಏನು ಒಯ್ಯಬೇಕು

ಹುಡ್ ಇಲ್ಲ ಎಂಬ ಕಾರಣಕ್ಕೆ ಮೊದಲ ಕೂಟ ತಪ್ಪಿಸಿಕೊಳ್ಳುವವರನ್ನು ಕಂಡರೆ ನಮಗೆ ಬೇಸರವಾಗುತ್ತದೆ. ಹುಡ್ ಬೇಕಿಲ್ಲ. ಬೇಕಾಗಿರುವುದು ಮೊಣಕಾಲಿಗೆ ಪ್ಯಾಡು, ಅದು ಮಾತ್ರ ಖಂಡಿತ ಬೇಕು. ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಿಗುವ ವಾಲಿಬಾಲ್ ನೀಪ್ಯಾಡು ಸರಿಯಾದದ್ದು. ಟೈಲ್ಸ್ ಕೆಲಸದವರು ಕಟ್ಟುವ ಗಟ್ಟಿ ಚಿಪ್ಪಿನ ಪ್ಯಾಡು ಬೇಡ. ಅದು ಮ್ಯಾಟಿನ ಮೇಲೆ ಜಾರುತ್ತದೆ, ಉರುಳಾಡುವಾಗ ಎದುರಿನವರ ಪಕ್ಕೆಗೆ ಬಡಿಯುತ್ತದೆ. ಪ್ಯಾಡು ಕಟ್ಟಿ ಐದು ನಿಮಿಷ ಮನೆಯಲ್ಲೇ ಮಂಡಿಯೂರಿ ಓಡಾಡಿ ನೋಡಿ. ಮಂಡಿಚಿಪ್ಪಿನಿಂದ ಕೆಳಕ್ಕೆ ಸರಿದರೆ ಒಂದು ಸೈಜು ಚಿಕ್ಕದು ತೆಗೆದುಕೊಳ್ಳಿ. ಮಂಡಿಯ ಹಿಂದೆ ಜೋಮು ಹಿಡಿದರೆ ಒಂದು ಸೈಜು ದೊಡ್ಡದು.

ಉಳಿದಂತೆ ಮಂಡಿ ಮುಚ್ಚುವ ಟ್ರ್ಯಾಕ್ ಪ್ಯಾಂಟು, ಹಳೆಯ ಟೀಶರ್ಟು, ಬದಲಿ ಬಟ್ಟೆ, ಒಂದು ಟವೆಲು, ಹೆಸರು ಬರೆದ ನೀರಿನ ಬಾಟಲಿ. ಆಸ್ತಮಾ ಇದ್ದರೆ ಇನ್‌ಹೇಲರ್ ಜೇಬಲ್ಲಿ ಬೇಡ, ಅದನ್ನು ಎಲ್ಲಿಟ್ಟಿದ್ದೀರಿ ಎಂಬುದು ಇನ್ನೊಬ್ಬರಿಗೂ ತಿಳಿದಿರಲಿ. ಉಗುರು ಕತ್ತರಿಸಿ. ಉಂಗುರ, ವಾಚು, ಕಿವಿಯೋಲೆ, ಸರ ಬಿಚ್ಚಿಡಿ. ಕನ್ನಡಕದ ಮೇಲೆ ಹುಡ್ ಕೂರುವುದಿಲ್ಲ, ಕೂತರೂ ಕಡ್ಡಿ ಕಿವಿಯ ಹಿಂದೆ ಒತ್ತುತ್ತದೆ. ಲೆನ್ಸ್ ಹಾಕುವ ಅಭ್ಯಾಸವಿಲ್ಲದವರು ಹುಡ್ ಬಿಟ್ಟು ಆಡುವುದೇ ವಾಸಿ.

ಮುಂದೆ ಹುಡ್ ಕೊಳ್ಳುವುದಾದರೆ ಹುಬ್ಬಿನ ಸ್ವಲ್ಪ ಮೇಲೆ ತಲೆಯ ಸುತ್ತಳತೆ, ಜೊತೆಗೆ ಗಲ್ಲದಿಂದ ನೆತ್ತಿ ಸುತ್ತಿ ಮತ್ತೆ ಗಲ್ಲಕ್ಕೆ ಬರುವ ಅಳತೆ, ಎರಡನ್ನೂ ಟೇಪಿನಲ್ಲಿ ತೆಗೆಯಿರಿ. ನಿಯೋಪ್ರೀನ್ (ರಬ್ಬರಿನಂಥ ಮೆತ್ತನೆಯ ಬಟ್ಟೆ) ಹುಡ್ ಹೊಸಬರಿಗೆ ಒಳ್ಳೆಯದು, ಹಿಗ್ಗುತ್ತದೆ, ತೊಳೆಯಬಹುದು. ಮುಸುಡಿ ಬಿಚ್ಚಿ ತೆಗೆಯಲು ಬರುವಂಥದ್ದನ್ನೇ ಆರಿಸಿ, ನೀರು ಕುಡಿಯಲು ಇಡೀ ಹುಡ್ ಕಳಚಬೇಕಾಗುವುದಿಲ್ಲ. ಕೈಗೆ ಹಾಕುವ ಪಂಜದ ಮಿಟ್ಟು ಮೊದಲ ದಿನ ಬೇಡ. ಅದರೊಳಗೆ ಬೆರಳು ಮುಷ್ಟಿಯಾಗಿರುತ್ತವೆ, ಬೀಳುವಾಗ ಅಂಗೈ ಊರಲು ಆಗುವುದಿಲ್ಲ, ನಿಮ್ಮ ಹುಡ್ ನೀವೇ ಬಿಚ್ಚಲೂ ಆಗುವುದಿಲ್ಲ. ಬಾಲ ಬೇಕಿದ್ದರೆ ಬೆಲ್ಟಿಗೆ ಸಿಕ್ಕಿಸುವಂಥದ್ದು. ಸೋಷಿಯಲ್‌ಗೆ ಬೇರೆ ಬಗೆಯದು ಸಲ್ಲದು.

ಕಾಲರ್, ಅಂದರೆ ಕುತ್ತಿಗೆ ಪಟ್ಟಿಯ ವಿಷಯ ಸ್ವಲ್ಪ ಸೂಕ್ಷ್ಮ. ಕಾಲರಿಗೂ ಕುತ್ತಿಗೆಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಲೀಶ್ (ಕಟ್ಟುವ ಹಗ್ಗ) ಹಿಡಿದು ಎಳೆಯುವುದಾದರೆ ಅದನ್ನು ಎದೆಯ ಹಾರ್ನೆಸ್‌ಗೆ ಸಿಕ್ಕಿಸಿ, ಕಾಲರಿಗೆ ಬೇಡ, ಕುತ್ತಿಗೆಯ ಮೇಲೆ ಎಳೆತ ಬೀಳಬಾರದು. ಕೆಲವರ ಕಾಲರಿನಲ್ಲಿ ಸಣ್ಣ ಬೀಗ ಇರುತ್ತದೆ. ಅವರಿಗೆ ಒಬ್ಬ ಹ್ಯಾಂಡ್ಲರ್ (ಆಟದಲ್ಲಿ ಪಪ್‌ ಅನ್ನು ನೋಡಿಕೊಳ್ಳುವವರು) ಇದ್ದಾರೆ, ಆ ಸಂಬಂಧ ಅವರಿಗೆ ದೊಡ್ಡದು ಎಂಬುದರ ಗುರುತಾಗಿ ಅದನ್ನು ಧರಿಸುವವರೇ ಹೆಚ್ಚು. ಯಾರ ಕಾಲರನ್ನೂ ಕೇಳದೆ ಮುಟ್ಟಬೇಡಿ. ನಿಮಗೆ ಹ್ಯಾಂಡ್ಲರ್ ಬೇಕೇ ಬೇಕೆಂದಿಲ್ಲ. ಹ್ಯಾಂಡ್ಲರ್ ಇಲ್ಲದ ಪಪ್‌ಗಳೇ ಎಷ್ಟೋ ಜನ. ಮೊದಲ ದಿನವೇ ‘ನಾನು ನಿನ್ನ ಹ್ಯಾಂಡ್ಲರ್ ಆಗ್ತೀನಿ’ ಅಂತ ಕಾಲರ್ ಹಿಡಿದು ಬರುವವರಿಂದ ದೂರವಿರಿ.

ಮ್ಯಾಟಿನ ಮೇಲೆ

ಕೂಟ ಹೆಚ್ಚಾಗಿ ಹೀಗೆ ಸಾಗುತ್ತದೆ: ಮೊದಲ ಅರ್ಧ ಗಂಟೆ ಕಾಫಿ, ಮಾತು. ಆಮೇಲೆ ಹತ್ತು ಹದಿನೈದು ನಿಮಿಷ ಆಯೋಜಕರು ನಿಯಮ ಹೇಳುತ್ತಾರೆ. ತಡವಾಗಿ ಬಂದು ಇದನ್ನು ತಪ್ಪಿಸಿಕೊಂಡವರನ್ನು ಆ ದಿನ ಮ್ಯಾಟಿಗೆ ಬಿಡಬಾರದು, ಬಿಡದಿದ್ದರೆ ಕೋಪಿಸಿಕೊಳ್ಳಬೇಡಿ. ಮುಂದಿನದು ಮಾಶ್, ಅಂದರೆ ಎಲ್ಲ ಪಪ್‌ಗಳೂ ಒಟ್ಟಿಗೆ ನೆಲಕ್ಕಿಳಿದು ಆಡುವುದು.

ನೆಲ ಹೇಗಿದೆ ಅಂತ ಮೊದಲು ನೋಡಿ. ಎರಡಡಿ ಚೌಕದ, ಒಂದಕ್ಕೊಂದು ಸಿಕ್ಕಿಸುವ ಫೋಮ್ ಮ್ಯಾಟು 36 ಇದ್ದರೆ ಹನ್ನೆರಡಡಿ ಚೌಕದ ಜಾಗವಾಗುತ್ತದೆ, ಐದಾರು ಪಪ್‌ಗಳಿಗೆ ಅದು ಸಾಕು. ಅದಕ್ಕಿಂತ ಹೆಚ್ಚು ಜನ ಇಳಿದರೆ ತಲೆಗೆ ತಲೆ ಡಿಕ್ಕಿ ಹೊಡೆಯುತ್ತದೆ. ಹತ್ತು ಹನ್ನೆರಡು ಮಿಲಿಮೀಟರ್ ದಪ್ಪದ ಮ್ಯಾಟು ಓಡಾಡಲು ಪರವಾಗಿಲ್ಲ, ಉರುಳಾಡಲು ಇಪ್ಪತ್ತು ಬೇಕು. ಹಳೇ ಬಂಗಲೆಗಳ ರೆಡ್‌ಆಕ್ಸೈಡ್ ನೆಲ ನುಣುಪು, ಮ್ಯಾಟಿನ ಇಡೀ ಹಾಸು ಜಾರುತ್ತದೆ. ಒಂದು ಅಂಚನ್ನಾದರೂ ಗೋಡೆಗೆ ತಾಗಿಸಿ ಹಾಸಿರಬೇಕು. ಮೇಲೆ ಜಮಖಾನ ಹಾಸುವುದು ಬೇಡ, ಉಜ್ಜಿ ಚರ್ಮ ತರಚುತ್ತದೆ.

ಆಟದ ಒಳಗೆ ಮಾತು ಕಮ್ಮಿ, ಹುಡ್ ಒಳಗಿನ ಮಾತು ಕೇಳಿಸುವುದೂ ಕಮ್ಮಿ. ಹಾಗಾಗಿ ನಿಲ್ಲಿಸುವುದಕ್ಕೆ ಎರಡು ದಾರಿ ಇರಬೇಕು. ಬಾಯಲ್ಲಿ ‘ರೆಡ್’ ಅಂದರೆ ಅಲ್ಲಿಗೆ ನಿಂತಿತು, ‘ಯೆಲ್ಲೋ’ ಅಂದರೆ ಮೆಲ್ಲಗೆ. ಬಾಯಿ ಬಾರದಿದ್ದರೆ ಎದುರಿನವರ ಮೈಯನ್ನೋ ನೆಲವನ್ನೋ ಮೂರು ಸಲ ತಟ್ಟುವುದು. ತಟ್ಟಿದ ಕೂಡಲೇ ಕೈ ಬಿಡಬೇಕು, ಯಾಕೆ ಎಂಬ ಪ್ರಶ್ನೆ ಆಮೇಲೆ. ಇಳಿಯುವ ಮುಂಚೆಯೇ ಈ ತಟ್ಟುವಿಕೆಯನ್ನು ಒಬ್ಬರ ಜೊತೆ ಮಾಡಿ ನೋಡಿ. ಸಂಕೋಚದಿಂದ ‘ಇನ್ನೂ ಸ್ವಲ್ಪ ಹೊತ್ತು ತಡೆಯೋಣ’ ಅನ್ನುವ ನಮ್ಮವರ ಗುಣವೇ ಇಲ್ಲಿ ಪೆಟ್ಟಿಗೆ ಕಾರಣವಾಗುತ್ತದೆ. ಒಮ್ಮೆ ಸುಮ್ಮನೆ ತಟ್ಟಿ ಅಭ್ಯಾಸವಾದವರಿಗೆ ಬೇಕಾದಾಗ ತಟ್ಟಲು ನಾಚಿಕೆಯಾಗುವುದಿಲ್ಲ.

ಸೇರಿಕೊಳ್ಳುವುದು ಹೇಗೆ? ನಾಲ್ಕು ಕಾಲಲ್ಲಿ ಬನ್ನಿ, ಎದುರಿಂದ ಬನ್ನಿ, ಒಂದು ಮಾರು ದೂರದಲ್ಲಿ ನಿಲ್ಲಿ. ಎದುರಿನ ಪಪ್ ಮುಂಗೈ ಊರಿ ಬೆನ್ನ ಹಿಂಭಾಗ ಎತ್ತಿದರೆ ಆಟಕ್ಕೆ ಕರೆದಂತೆ. ಮುಖ ತಿರುಗಿಸಿದರೆ ಬೇಡ ಅಂದಂತೆ, ಹೊರಟುಬಿಡಿ. ಹಿಂದಿನಿಂದ ಮೈಮೇಲೆ ಬೀಳುವುದು, ಹುಡ್‌ನ ಕಿವಿ ಹಿಡಿದೆಳೆಯುವುದು, ಬಾಲ ಎಳೆಯುವುದು ಎಲ್ಲಿಯೂ ಸಲ್ಲ. ಇನ್ನೊಬ್ಬರ ಹುಡ್ ತೆಗೆಯುವುದಂತೂ ಅವರ ಮುಖವನ್ನೇ ಬಯಲು ಮಾಡಿದ ಹಾಗೆ. ಉಸಿರಿಗೆ ತೊಂದರೆಯಾಗಿ ಬಿದ್ದವರ ಹುಡ್ ತೆಗೆಯಲು ಮಾತ್ರ ಯಾರ ಅಪ್ಪಣೆಗೂ ಕಾಯಬೇಡಿ.

ಕೈಯ ಮಣಿಕಟ್ಟು ಮೊದಲು ಸೋಲುತ್ತದೆ. ದಿನವಿಡೀ ಕೀಬೋರ್ಡ್ ಒತ್ತುವವರಿಗೆ ಇನ್ನೂ ಬೇಗ. ಇಳಿಯುವ ಮುಂಚೆ ಮಣಿಕಟ್ಟು, ಭುಜ, ಸೊಂಟ ಐದು ನಿಮಿಷ ತಿರುಗಿಸಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮ್ಯಾಟಿನಿಂದ ಆಚೆ ಬಂದು ಹುಡ್ ತೆಗೆದು ನೀರು ಕುಡಿಯಿರಿ. ಆಟದ ಮತ್ತಿನಲ್ಲಿ ಬಾಯಾರಿಕೆ ಗೊತ್ತಾಗುವುದೇ ಇಲ್ಲ, ಇದನ್ನು ನೆನಪಿಸುವುದೇ ಹ್ಯಾಂಡ್ಲರ್‌ಗಳ ಮುಖ್ಯ ಕೆಲಸ. ಹೊರಗೆ ಬೆಟ್ಟದ ಚಳಿ ಇದ್ದರೂ ನಿಯೋಪ್ರೀನ್ ಒಳಗೆ ತಲೆ ಬೇಯುತ್ತದೆ. ತಲೆ ಸುತ್ತು, ವಾಕರಿಕೆ, ಕಣ್ಣು ಮಂಜಾದರೆ ಹುಡ್ ತೆಗೆದು, ಕೂತು, ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಪ್ರಜ್ಞೆ ತಪ್ಪಿದರೆ 108. ತೋಟದ ಒಳಗೆ ನೆಟ್‌ವರ್ಕ್ ಸಿಗದ ಜಾಗವೇ ಹೆಚ್ಚು, ಯಾವ ಮೂಲೆಯಲ್ಲಿ ಸಿಗ್ನಲ್ ಬರುತ್ತದೆ, ಆಂಬುಲೆನ್ಸಿಗೆ ದಾರಿ ಹೇಗೆ ಹೇಳಬೇಕು ಎಂಬುದು ಗೋಡೆಯ ಮೇಲೆ ಬರೆದು ಅಂಟಿಸಿರಲಿ. ಬಟ್ಟಲಿನಿಂದ ನೀರು ನೆಕ್ಕುವ ಆಸೆ ಇದ್ದರೆ ಬಟ್ಟಲು ನಿಮ್ಮದೇ ಆಗಿರಲಿ, ಇನ್ನೊಬ್ಬರದಕ್ಕೆ ಬಾಯಿ ಹಾಕಬೇಡಿ. ಕಚ್ಚುವ ಆಟಿಕೆಗೂ ಇದೇ ಮಾತು. ಕುಡಿದು ಮ್ಯಾಟಿಗೆ ಇಳಿಯಬೇಡಿ, ತಟ್ಟಿದ್ದು ಗೊತ್ತಾಗಬೇಕಾದ ಹೊತ್ತಿಗೆ ಗೊತ್ತಾಗುವುದಿಲ್ಲ.

ಇಷ್ಟು ಹಸಿರಿರುವಾಗ ತೋಟದಲ್ಲೇ ಯಾಕೆ ಆಡಬಾರದು ಅಂತ ಹೊರಗಿನಿಂದ ಬಂದವರೆಲ್ಲ ಕೇಳುತ್ತಾರೆ. ಆಡಬಾರದು. ಮಳೆಗಾಲದಲ್ಲಿ ಇಂಬಳ, ಅದು ರಕ್ತ ಹೀರಿ ಬಿದ್ದುಹೋಗುತ್ತದೆ, ಅಷ್ಟೇ. ಬೇಸಿಗೆಯ ಉಣುಗು ಹಾಗಲ್ಲ. ಕ್ಯಾಸನೂರು ಕಾಡಿನ ಕಾಯಿಲೆ, ನಾವು ಮಂಗನ ಕಾಯಿಲೆ ಅನ್ನುವುದು, 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಾದದ್ದು, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯೂ ಕಾಣಿಸಿಕೊಂಡಿದೆ. ಹರಡುವುದು ಉಣುಗಿನ ಕಡಿತದಿಂದ, ಉಣುಗು ಇರುವುದು ತರಗೆಲೆಯಲ್ಲಿ. ಮುಖ ನೆಲಕ್ಕೆ ತಾಗಿಸಿ ತರಗೆಲೆಯ ಮೇಲೆ ತೆವಳುವುದಕ್ಕಿಂತ ಸುಲಭವಾಗಿ ಅದನ್ನು ಹತ್ತಿಸಿಕೊಳ್ಳಲು ಬೇರೆ ದಾರಿ ಇಲ್ಲ. ಮಳೆಗೆ ಮುಂಚೆ ಬೋರ್ಡೋ ದ್ರಾವಣ (ಗಿಡಗಳ ಶಿಲೀಂಧ್ರ ರೋಗಕ್ಕೆ ಹೊಡೆಯುವುದು), ಮತ್ತೆ ಬೇರೆ ಔಷಧಿ ಹೊಡೆದ ಗಿಡಗಳ ಬುಡವೂ ಮೂಗಿಗೆ ಒಳ್ಳೆಯದಲ್ಲ. ತೋಟದ ಮನೆಯ ನಿಜವಾದ ನಾಯಿಗಳನ್ನು ಆ ಹೊತ್ತು ದೂರ ಕಟ್ಟಿಸಿ. ನೆಲದ ಮೇಲೆ ಬೊಗಳುವ ಮನುಷ್ಯರನ್ನು ಕಂಡು ಅವು ಗಾಬರಿಯಾಗುತ್ತವೆ, ಗಾಬರಿಯಾದ ನಾಯಿ ಕಚ್ಚುತ್ತದೆ.

ಮುಗಿದ ಮೇಲೆ

ಕೊನೆಯ ಅರ್ಧ ಗಂಟೆ ಆಟವಿರುವುದಿಲ್ಲ. ಹುಡ್ ತೆಗೆದು, ಹೊದ್ದು ಕೂತು, ಏನಾದರೂ ತಿಂದು, ಮನುಷ್ಯರ ಮಾತಿಗೆ ಮರಳುವ ಹೊತ್ತು ಅದು. ಕೊನೆಯ ಬಸ್ಸಿಗೆ ಓಡಬೇಕೆಂದು ಇದನ್ನು ತಪ್ಪಿಸಬೇಡಿ. ಪಪ್ ಮನಸ್ಸಿನಿಂದ ಥಟ್ಟನೆ ಎದ್ದು ಗಾಡಿ ಓಡಿಸುವುದೂ ಬೇಡ, ಅದರಲ್ಲೂ ಘಾಟಿಯ ತಿರುವುಗಳಲ್ಲಿ. ಒಂದೆರಡು ದಿನದ ನಂತರ ಕಾರಣವಿಲ್ಲದೆ ಮನಸ್ಸು ಕುಗ್ಗಿದಂತೆ, ಅಳು ಬಂದಂತೆ ಆಗಬಹುದು. ಡ್ರಾಪ್ ಅನ್ನುತ್ತಾರೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಆದಾಗ ನಿದ್ದೆ, ಬಿಸಿ ಊಟ, ಕೂಟದಲ್ಲಿ ನಂಬಿಕೆ ಹುಟ್ಟಿದ ಒಬ್ಬರಿಗೆ ಒಂದು ಫೋನು. ಯಾರ ನಡತೆಯಾದರೂ ಸರಿ ಕಾಣದಿದ್ದರೆ ಆ ವಾರದೊಳಗೇ ಆಯೋಜಕರಿಗೆ ತಿಳಿಸಿ. ಅವರು ‘ಅವನು ಹಾಗೇ, ಬಿಡಿ’ ಅಂದರೆ ಮತ್ತೆ ಅಲ್ಲಿಗೆ ಹೋಗಬೇಕಾಗಿಲ್ಲ.

ಹುಡ್ ಇದ್ದರೆ ಅಂದೇ ರಾತ್ರಿ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಸ್ವಲ್ಪ ಬೇಬಿ ಶಾಂಪೂ ಹಾಕಿ ಕೈಯಲ್ಲೇ ತೊಳೆಯಿರಿ. ವಾಷಿಂಗ್ ಮೆಷಿನ್ ಬೇಡ, ಹಿಂಡಬೇಡಿ, ಬಿಸಿಲಿಗೆ ಹಾಕಬೇಡಿ, ನಿಯೋಪ್ರೀನ್ ಬಿರುಸಾಗಿ ಒಡೆಯುತ್ತದೆ. ಟವೆಲಿನಲ್ಲಿ ಒತ್ತಿ ನೀರು ತೆಗೆದು, ಆಕಾರ ಕೆಡದಂತೆ ಒಳಗೊಂದು ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ ಫ್ಯಾನಿನ ಕೆಳಗಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿ ಒಂದು ರಾತ್ರಿಗೆ ಒಣಗುವುದಿಲ್ಲ. ಮರುದಿನ ಮತ್ತೆ ಮಗುಚಿ ಫ್ಯಾನಿಗಿಟ್ಟು, ಹೊಲಿಗೆಯ ಸಂದಿ ಬೆರಳಿಗೆ ಪೂರ್ತಿ ಒಣ ಅನ್ನಿಸಿದ ಮೇಲೇ ಬಟ್ಟೆಯ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ವಾರದಲ್ಲಿ ಬೂಷ್ಟು.